ಅವ್ವನ ಗುಂಡಿ ಕಾರ್ಡು

ನಮ್ಮ ಮನೆಯ ಗುಟ್ಟೊಂದು ಬಹಳ ವರ್ಷ ಅದಿರು ಹೊತ್ತುಕೊಂಡು ಸಂಡೂರು–ಹೊಸಪೇಟೆ ರಸ್ತೆಯಲ್ಲಿ ಓಡಾಡಿತು. ಅದು ಅಪ್ಪನ ಲಾರಿಯ ನಂಬರು. ಕೂಡಿಸಿದರೆ ಒಂಬತ್ತು ಬರುವ ನಂಬರು ನಿಮ್ಮ ಮನೆಗೆ ಆಗಿಬರುತ್ತದೆ ಎಂದು ಮಠದ ಅಯ್ಯನವರು ಹೇಳಿದ್ದಕ್ಕೆ ಅಪ್ಪ ತಿಂಗಳುಗಟ್ಟಲೆ ಕಾದು ಆ ನಾಲ್ಕು ಅಂಕಿ ಹಿಡಿದಿದ್ದ. ಲಾರಿ ಬಂದ ಮೇಲೆ ಮನೆ ಏಳಿಗೆಯಾಗಿದ್ದು ನಿಜ. ಅದಿರಿನ ಬೆಲೆ ಏರಿದ್ದಕ್ಕೆ ಆಯಿತು ಅಂತ ನಾನು, ನಂಬರಿನಿಂದ ಆಯಿತು ಅಂತ ಅವ್ವ. ಮುಂದೆ ಅಪ್ಪನ ಸ್ಕೂಟರಿಗೆ ಅದೇ ನಂಬರು, ತಮ್ಮನ ಮೊಬೈಲಿನ ಕೊನೆಗೆ ಅದೇ ನಂಬರು. ಬ್ಯಾಂಕಿನವರು ಕಾರ್ಡು ಕೊಟ್ಟು ನಾಲ್ಕು ಅಂಕಿಯ ಪಿನ್ ಇಟ್ಟುಕೊಳ್ಳಿ ಅಂದಾಗ ನಮ್ಮಲ್ಲಿ ಯಾರೂ ತಲೆ ಕೆರೆದುಕೊಳ್ಳಲಿಲ್ಲ. ಅವ್ವ, ತಮ್ಮ, ತಮ್ಮನ ಹೆಂಡತಿ, ನಾನು, ಕೊನೆಗೆ ಅಳಿಯನಾಗಿ ಬಂದ ನಮ್ಮ ಮನೆಯವರು, ಎಲ್ಲರದೂ ಲಾರಿ ನಂಬರೇ. ನಾವೊಬ್ಬರೇ ದಡ್ಡರಲ್ಲ, ನಮ್ಮ ಕಡೆ ಲಾರಿ ಇದ್ದ ಮನೆಗಳಲ್ಲೆಲ್ಲ ಹೀಗೇ. ಹಿಂದೆ ಬರುವ ಪ್ರತಿಯೊಂದು ಬಸ್ಸಿನ ಡ್ರೈವರಿಗೂ ಕಾಣುವಂತೆ ಹಳದಿ ಬಣ್ಣದಲ್ಲಿ ಬರೆಸಿದ ಗುಟ್ಟು ಇದು. ಅಪ್ಪ ಹೋದ, ಲಾರಿ ಮಾರಿದೆವು, ನಂಬರು ಮಾತ್ರ ಉಳಿಯಿತು.

ಅವ್ವನಂತೂ ಸಂಡೂರಿನ ಔಷಧಿ ಅಂಗಡಿಯಲ್ಲಿ ಕಾರ್ಡು ಕೊಟ್ಟು, "ನಮ್ಮ ಲಾರಿ ನಂಬರ್ ಒತ್ತಪ್ಪಾ" ಅನ್ನುತ್ತಿದ್ದಳು. ಅಂಗಡಿಯವನು ಒತ್ತುತ್ತಿದ್ದ. ಅವನಿಗೂ ಬಾಯಿಪಾಠ. ಒಮ್ಮೆ ನಾನು ಪಕ್ಕದಲ್ಲಿದ್ದವಳು ಮಷೀನನ್ನು ಈಚೆ ತೆಗೆದುಕೊಂಡು, ಕೈ ಅಡ್ಡ ಇಟ್ಟು ಒತ್ತಿದೆ. ಮನೆಗೆ ಬಂದ ಮೇಲೆ ಅವ್ವ ಬೈದಳು. "ಮೂವತ್ತು ವರ್ಷದಿಂದ ಉದ್ರಿ ಕೊಟ್ಟ ಮನುಷ್ಯಾ ಅವ. ಅವನ ಮುಂದ ಕೈ ಮುಚ್ಕಂಡು ಒತ್ತಿದ್ರ ಏನಂದಂಗಾತು? ಕಳ್ಳ ಅಂದಂಗಾತು." ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗವಿಲ್ಲ ಅಂತ ಗಾದೆಯಿದೆ, ಅದನ್ನು ನನಗೆ ಕಲಿಸಿದವಳೂ ಅವಳೇ. ನಾನು ಹುಟ್ಟು ಹೆದರುಪುಕ್ಕಲಿ. ಗ್ಯಾಸು ಆರಿಸಿದ್ದೇನಾ ಅಂತ ಬಸ್ ಸ್ಟ್ಯಾಂಡಿನಿಂದ ವಾಪಸು ಬಂದು ನೋಡುವವಳು. ಇಂಥವಳ ತಾಯಿ ಅಂಥವಳು.

ಅವ್ವನಿಗೆ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದಾಗ ಹೊಸಪೇಟೆಯಲ್ಲಿ ನಮ್ಮ ಮನೆಗೆ ಕರೆದುಕೊಂಡು ಬಂದೆ. ಒಂದು ಕಣ್ಣಾದ ಮೇಲೆ ಇನ್ನೊಂದು, ಹೀಗಾಗಿ ಮಳೆಗಾಲವಿಡೀ ನಮ್ಮಲ್ಲೇ ಇದ್ದಳು. ನಾನು ಬೆಳಿಗ್ಗೆ ಕಂಪ್ಲಿಯ ಹೈಸ್ಕೂಲಿಗೆ ಹೋಗಿ ಸಂಜೆ ಬರುತ್ತಿದ್ದೆ. ಅಲ್ಲಿ ನಾನು ಗಣಿತದ ಮೇಡಂ. ಹಗಲೆಲ್ಲ ಅವ್ವನ ಕಣ್ಣಿಗೆ ಹನಿ ಹಾಕುವುದು, ಊಟಕ್ಕೆ ಬಡಿಸುವುದು ನಮ್ಮ ಮನೆಯವರೇ. ಅವರು ಗಣಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಆಫೀಸು ಮುಚ್ಚಿತು. ಆಮೇಲೆ ಹಂಪಿ ಹತ್ತಿರದ ಲಾಡ್ಜೊಂದರ ಕೌಂಟರಿನಲ್ಲಿ ಕೆಲವು ದಿನ ಕೂತರು, ಅದೂ ಮುಚ್ಚಿ ಈಗ ಮನೆಯಲ್ಲೇ ಇದ್ದರು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಅತ್ತೆ ಅಳಿಯ ಮಧ್ಯಾಹ್ನ ರೇಡಿಯೊ ಹಚ್ಚಿಕೊಂಡು ಕೂತಿರುವುದನ್ನು ನೋಡಿ ಅಕ್ಕಪಕ್ಕದವರು ಹೊಗಳುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ತಮ್ಮ ವಾರಕ್ಕೊಮ್ಮೆ ಸಂಡೂರಿನಿಂದ ಬಂದು ಅವ್ವನನ್ನು ನೋಡಿಕೊಂಡು ಹೋಗುತ್ತಿದ್ದ.

ಒಂದು ಭಾನುವಾರ ಅವ್ವನ ಪುಟ್ಟ ಮೊಬೈಲಿಗೆ ಮೆಸೇಜು ತುಂಬಿ ಫೋನೇ ಏಳದಂತಾಗಿತ್ತು. ಅವಳು ಯಾವತ್ತೂ ಮೆಸೇಜು ಓದಿದವಳಲ್ಲ. ನಾನು ಕೂತು ಒಂದೊಂದೇ ಅಳಿಸುತ್ತ ಬಂದೆ. ನಡುವೆ ಬ್ಯಾಂಕಿನವು. ಆ ಮಳೆಗಾಲದಲ್ಲೇ ಮೂರು ಸಲ, ಹೊಸಪೇಟೆಯ ಎಟಿಎಮ್ಮಿನಿಂದ ದುಡ್ಡು ತೆಗೆದ ಮೆಸೇಜು. ಲಾರಿ ಮಾರಿದ ದುಡ್ಡಿನ ಬಡ್ಡಿ ಬೀಳುವ ಖಾತೆ ಅದು.

"ಅವ್ವಾ, ಎಟಿಎಮ್ಮಿಗೆ ಹೋಗಿದ್ದೇನು?"

"ಕಣ್ಣಿಗೆ ಪಟ್ಟಿ ಕಟ್ಕಂಡು ಎಲ್ಲಿಗಿ ಹೋಗ್ಲೆವ್ವಾ ನಾನು?"

ಎದ್ದು ಹೋಗಿ ನೋಡಿದೆ. ಕಾರ್ಡು ನಮ್ಮ ಬೀರುವಿನಲ್ಲಿ, ಅವ್ವನ ಕೈಚೀಲದಲ್ಲೇ ಇತ್ತು. ಅಂದರೆ ಯಾರೋ ತೆಗೆದುಕೊಂಡು ಹೋಗಿ, ಕೆಲಸ ಮುಗಿಸಿ, ಇದ್ದಲ್ಲೇ ತಂದಿಟ್ಟಿದ್ದಾರೆ. ನಂಬರು ಗೊತ್ತಿದ್ದವರು. ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಬಂದ ಮುಖ ಒಂದೇ, ತಮ್ಮನದು.

ಯಾಕೆ ಅಂತ ಹೇಳಬೇಕು. ಅವನು ವಡ್ಡು ಎಂಬ ಹಳ್ಳಿಯ ಹತ್ತಿರದ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರು. ಒಳ್ಳೆಯ ಕೆಲಸಗಾರ. ಆದರೆ ಕ್ರಿಕೆಟ್ ಬೆಟ್ಟಿಂಗಿಗೆ ಬಿದ್ದು ಬೈಕು ಕಳೆದಿದ್ದ, ಹೆಂಡತಿಯ ಸರ ಕಳೆದಿದ್ದ. ಅವಳ ತವರು ಪಾಪಿನಾಯಕನಹಳ್ಳಿಯ ಹಿರಿಯರು ಬಂದು ಪಡಸಾಲೆಯಲ್ಲಿ ಕೂತು ನಮ್ಮೆಲ್ಲರ ಎದುರಿಗೆ ಮಾತಾಡಿ ಹೋಗಿದ್ದರು. ಇನ್ನೊಂದು ಸಲ ಹೀಗಾದರೆ ಅವಳು ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತಾಳೆ, ಮತ್ತೆ ಕರೆಯಲು ಬರಬೇಡಿ ಅಂದಿದ್ದರು. ಅವತ್ತಿನಿಂದ ಅವನು ಬೆಟ್ಟಿಂಗು ಬಿಟ್ಟಿದ್ದ. ಬಿಟ್ಟಿದ್ದಾನೆ ಅಂತ ನಾವೆಲ್ಲ ನಂಬಿದ್ದೆವು. ಈ ಮೂರು ಮೆಸೇಜು ಅವನವೇ ಆಗಿದ್ದರೆ ಅವನ ಸಂಸಾರ ಮುಗಿದ ಹಾಗೆ. ಅವನ ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು.

ಅವ್ವನಿಗೆ, "ನಾನೇ ತೆಗೆಸಿದ್ದೆ, ಮರೆತಿದ್ದೆ" ಅಂತ ಸುಳ್ಳು ಹೇಳಿದೆ. ನಾನು ಬಾಯಿ ಬಿಟ್ಟಿದ್ದು ನಮ್ಮ ಮನೆಯವರ ಹತ್ತಿರ ಮಾತ್ರ. ಅವರು ಪೇಪರು ಓದುತ್ತಿದ್ದವರು ಕನ್ನಡಕ ತೆಗೆದು ಒರೆಸಿದರು.

"ಅವನ ಅಂತ ಹೆಂಗ ಹೇಳ್ತಿ? ಕಣ್ಣಾರೆ ನೋಡೀ ಏನು? ಸುಮ್ನ ಅನುಮಾನ ಪಡಬ್ಯಾಡ."

"ಇನ್ಯಾರ್ರಿ ಮತ್ತ?"

"ಹೋಗ್ಲಿ ಬಿಡು. ಭಾಳ ದೊಡ್ಡ ರೊಕ್ಕ ಅಲ್ಲ."

ನನ್ನ ತವರಿನವರ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲವಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಬೇರೆ ಗಂಡಸಾಗಿದ್ದರೆ ಇದನ್ನೇ ವರ್ಷಗಟ್ಟಲೆ ಹಂಗಿಸುತ್ತಿದ್ದ.

ಮರುದಿನ ಶಾಲೆಗೆ ರಜೆ ಹಾಕಿ ಬ್ಯಾಂಕಿಗೆ ಹೋದೆ. ಯಾರ ಹೆಸರೂ ಎತ್ತದೆ, ಅವ್ವ ಊರಿಗೆಲ್ಲ ಪಿನ್ ಹೇಳುತ್ತಾಳೆ, ಏನು ಮಾಡಲಿ ಅಂತ ಕೇಳಿದೆ. ಅಲ್ಲಿನ ಮೇಡಂ ನಕ್ಕು ಡ್ರಾಯರಿನಿಂದ ಒಂದು ಕಾರ್ಡು ತೆಗೆದು ತೋರಿಸಿದರು. ಹೊಸದು, ಪರೀಕ್ಷೆಗಾಗಿ ಕೆಲವು ಗ್ರಾಹಕರಿಗೆ ಕೊಡುತ್ತಿದ್ದೇವೆ ಅಂದರು. ನೋಡಲು ಎಲ್ಲ ಕಾರ್ಡಿನಂತೆಯೇ. ಆದರೆ ಒಂದು ಬದಿಗೆ ಸೊನ್ನೆಯಿಂದ ಒಂಬತ್ತರವರೆಗೆ ಅಕ್ಕಿಕಾಳಿನಷ್ಟು ಗುಂಡಿಗಳು. ನಮ್ಮ ನಾಲ್ಕು ಅಂಕಿಯನ್ನು ಕಾರ್ಡಿನ ಮೇಲೇ ಒತ್ತಬೇಕು. ಸರಿಯಿದ್ದರೆ ಮೂಲೆಯಲ್ಲಿ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ. ಅದು ಹೊತ್ತಿರುವಷ್ಟು ಹೊತ್ತು ಮಾತ್ರ ಕಾರ್ಡಿಗೆ ಜೀವ. ಅಂಗಡಿಯಲ್ಲಾಗಲಿ ಎಟಿಎಮ್ಮಿನಲ್ಲಾಗಲಿ ಆಮೇಲೆ ಬೇರೆ ಪಿನ್ ಕೇಳುವುದಿಲ್ಲ. ಚುಕ್ಕೆ ಆರಿದರೆ ಅದು ಬರೀ ಪ್ಲಾಸ್ಟಿಕ್ಕು, ಕದ್ದವನು ಮಷೀನಿಗೆ ತಾಗಿಸಿದರೂ ಏನೂ ಆಗುವುದಿಲ್ಲ. ಮೂರು ಸಲ ತಪ್ಪು ಒತ್ತಿದರೆ ಕಾರ್ಡು ಮುಚ್ಚಿಕೊಂಡು ಬಿಡುತ್ತದೆ.

"ಸೆರಗಿನ ಒಳಗೇ ಒತ್ತಿ ಅಂಗಡಿಯವರಿಗೆ ಕೊಡಬಹುದು. ಅವರ ಮುಂದೆ ಕೈ ಅಡ್ಡ ಹಿಡಿಯೋ ಮುಜುಗರವೂ ಇಲ್ಲ" ಅಂದರು ಮೇಡಂ. ನಮ್ಮ ಅವ್ವನನ್ನು ನೋಡಿಯೇ ಯಾರೋ ಇದನ್ನು ಮಾಡಿದ್ದಾರೆ ಅನ್ನಿಸಿತು.

ಕಾರ್ಡು ತೆಗೆದುಕೊಳ್ಳುವ ದಿನ ಅವ್ವನನ್ನೂ ಕರೆದುಕೊಂಡು ಹೋದೆ. ಲಾರಿ ನಂಬರು ಬಿಟ್ಟು ಬೇರೆ ಯಾವುದಾದರೂ ಇಡಬೇಕು ಎಂದಾಗ ಅವ್ವ ದಿಕ್ಕು ತೋಚದೆ ಕೂತಳು. ಆಮೇಲೆ ಬ್ಯಾಂಕಿಗೆಲ್ಲ ಕೇಳುವಂತೆ, "ಹಂಗಾರ ಯಾ ನಂಬರ್ ಇಡ್ಲೆವ್ವಾ?" ಅಂದಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನು ಅವಳ ಬಾಯಿ ಮುಚ್ಚಿಸಿ ಮೂಲೆಗೆ ಕರೆದುಕೊಂಡು ಹೋದೆ. ಅಲ್ಲಿ ಕಿವಿಯಲ್ಲಿ ಒಂದು ನಂಬರು ಹೇಳಿದಳು. ಯಾವುದು ಅಂತ ಇಲ್ಲೂ ಬರೆಯುವುದಿಲ್ಲ, ಬುದ್ಧಿ ಬಂದಿದೆ. ಮೆಸೇಜುಗಳು ಇನ್ನು ಮೇಲೆ ನನ್ನ ಫೋನಿಗೆ ಬರುವಂತೆ ಮಾಡಿಸಿದೆ. ಹೊರಗೆ ಬಂದ ಮೇಲೆ ಅವಳ ಎರಡೂ ಕೈ ಹಿಡಿದುಕೊಂಡು, "ಯಾರಿಗೂ ಹೇಳಬ್ಯಾಡ ಅವ್ವಾ, ಮನ್ಯಾಗೂ" ಅಂದೆ. ಅವಳು ಕೈ ಬಿಡಿಸಿಕೊಂಡು ಸೆರಗು ಸರಿಮಾಡಿಕೊಂಡಳು. ನಾನೂ ನನ್ನ ಗಂಡನಿಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ. ಕಣ್ಣು ಸರಿಹೋದ ಮೇಲೆ ಅವ್ವ ಕಾರ್ಡು ಹಿಡಿದುಕೊಂಡು ಸಂಡೂರಿಗೆ, ತಮ್ಮನ ಮನೆಗೆ ವಾಪಸಾದಳು.

ಬೀಗ ಹಾಕಿದರೆ ಭಯ ಹೋಗುತ್ತದೆ ಅಂದುಕೊಂಡಿದ್ದೆ. ಹೋಗಲಿಲ್ಲ, ಫೋನಿನೊಳಗೆ ಬಂದು ಕೂತಿತು. ಕಂಪ್ಲಿ ಬಸ್ಸಿನಲ್ಲಿ, ಎರಡೂ ಕಡೆ ಬತ್ತದ ಗದ್ದೆ ನೋಡುತ್ತ ಕೂತಿದ್ದಾಗ ಟಿಣ್ ಅಂದರೆ ಸಾಕು, ಬ್ಯಾಗಿನೊಳಗೆ ಕೈ ಹಾಕಿ ಫೋನು ಹುಡುಕುತ್ತಿದ್ದೆ. ಔಷಧಿ ಅಂಗಡಿಯ ಮೆಸೇಜು ಬಂದರೆ ಸಮಾಧಾನ. ಬರದಿದ್ದರೆ, ಅವ್ವ ತಪ್ಪು ಒತ್ತಿ ಕಾರ್ಡು ಮುಚ್ಚಿಹೋಯಿತೇನೋ ಅಂತ ಇನ್ನೊಂದು ಚಿಂತೆ. ಒಮ್ಮೆ ದಾವಣಗೆರೆಯ ನೆಂಟರನ್ನು ಹಂಪಿ ತೋರಿಸಲು ಕರೆದುಕೊಂಡು ಹೋಗಿದ್ದೆ. ಬಂಡೆಗಳ ನಡುವೆ ಸಿಗ್ನಲ್ಲು ಇಲ್ಲ. ಅಷ್ಟು ಹೊತ್ತಿನಲ್ಲಿ ಏನೇನು ಆಗಿಹೋಗಿದೆಯೋ ಅಂತ ತಡೆಯಲಾಗದೆ, ಸೀರೆ ಎತ್ತಿ ಕಟ್ಟಿಕೊಂಡು ಒಂದು ಬಂಡೆ ಏರಿ ಫೋನು ಮೇಲೆ ಹಿಡಿದೆ. ಟಿಣ್ ಅಂತು. ಯಾರೋ ನನಗೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾರಂತೆ. ಕೆಳಗೆ ನಿಂತ ನೆಂಟರು ನಾನು ಸೂರ್ಯಾಸ್ತ ನೋಡಲು ಹತ್ತಿದೆ ಅಂದುಕೊಂಡು ತಾವೂ ಹತ್ತಿಬಂದರು.

ತಮ್ಮ ಮಾತ್ರ ಏನೂ ಆಗದವನಂತೆ ಬಂದು ಹೋಗುತ್ತಿದ್ದ. ಶಿಫ್ಟ್ ಮುಗಿಸಿಕೊಂಡು, ಯಾವುದೋ ಕೆಲಸಕ್ಕೆ ಹೊಸಪೇಟೆಗೆ ಬಂದಾಗ ಎರಡು ಚಿಪ್ಪು ಬಾಳೆಹಣ್ಣು ಹಿಡಿದು ನಮ್ಮಲ್ಲಿಗೆ. ಅವನು ಒಳಗೆ ಬಂದ ಕೂಡಲೇ ನನ್ನ ಕೈ ತಾನಾಗಿ ಮೇಜಿನ ಮೇಲಿನ ವ್ಯಾನಿಟಿ ಬ್ಯಾಗನ್ನು ಎತ್ತಿಕೊಳ್ಳುತ್ತಿತ್ತು. ಒಂದು ದಿನ ಹಾಗೆ ಎತ್ತಿಕೊಂಡು ಒಳಗಿನ ಕೋಣೆಗೆ ಹೊರಟಿದ್ದೆ.

"ಅಕ್ಕಾ, ಬ್ಯಾಗ್ ಅಲ್ಲೇ ಇರ್ಲಿ ಬಿಡು. ನಾನ ಹೊರಗ ಕುಂದರ್ತೀನಿ" ಅಂದ.

ಸಿಟ್ಟು ಇರಲಿಲ್ಲ ದನಿಯಲ್ಲಿ. ಹೊರಗಿನ ಮೆಟ್ಟಿಲ ಮೇಲೆ ಕೂತೇ ಚಹಾ ಕುಡಿದ, ಲೋಟ ತೊಳೆದಿಟ್ಟು ಹೋದ. ನನಗೆ ನಾಚಿಕೆಯಾಗಬೇಕಿತ್ತು. ಆಗಿದ್ದು ಭಯ. ತಪ್ಪು ಮಾಡದವನು ಇಷ್ಟು ಬೇಗ ಅರ್ಥ ಮಾಡಿಕೊಳ್ಳುತ್ತಾನಾ ಅಂತ. ಅವತ್ತು ನಮ್ಮ ಮನೆಯವರು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹೊಟ್ಟೆ ಸರಿಯಿಲ್ಲ ಅಂದರು.

ಹೀಗಿರುವಾಗ ಒಂದು ಮಧ್ಯಾಹ್ನ ಎಂಟನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಮೇಜಿನ ಮೇಲೆ ಫೋನು ಮಿನುಗಿತು. ಅವ್ವನ ಖಾತೆಯಿಂದ ದುಡ್ಡು ತೆಗೆಯಲಾಗಿದೆ, ಎಟಿಎಮ್, ಸಂಡೂರು. ಅಂಗಡಿಯದಲ್ಲ, ಎಟಿಎಮ್ಮಿನದು. ಹೊಸ ಕಾರ್ಡು ಬಂದ ಮೇಲೆ ಇದು ಮೊದಲನೇ ಸಲ. ಅವ್ವ ಜನ್ಮದಲ್ಲಿ ಒಬ್ಬಳೇ ಎಟಿಎಮ್ಮಿನೊಳಗೆ ಕಾಲಿಟ್ಟವಳಲ್ಲ, ಬಾಗಿಲು ಮುಚ್ಚಿಕೊಂಡರೆ ಉಸಿರು ಕಟ್ಟುತ್ತದೆ ಅನ್ನುತ್ತಾಳೆ. ಫೋನು ಮಾಡಿದರೆ ಎತ್ತಲಿಲ್ಲ. ಅರ್ಧ ದಿನ ರಜೆ ಬರೆದು ಕೊಟ್ಟು ಹೊಸಪೇಟೆ ಬಸ್ಸು ಹಿಡಿದೆ, ಅಲ್ಲಿಂದ ಸಂಡೂರು ಬಸ್ಸು. ಘಟ್ಟ ಏರುವಾಗ ಮುಂದೆ ಸಾಲು ಅದಿರು ಲಾರಿ, ಬಸ್ಸು ಆಮೆಯ ಹಾಗೆ ತೆವಳಿತು. ಪಾಪಿನಾಯಕನಹಳ್ಳಿಯ ಆ ಹಿರಿಯರು ಮತ್ತೆ ಪಡಸಾಲೆಯಲ್ಲಿ ಬಂದು ಕೂತ ಹಾಗೆ, ತಮ್ಮನ ಮಗಳು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ತಾಯಿಯ ಹಿಂದೆ ಬಸ್ಸು ಹತ್ತಿದ ಹಾಗೆ ಕಣ್ಣಿಗೆ ಕಟ್ಟುತ್ತಿತ್ತು. ದಾರಿಯುದ್ದಕ್ಕೂ ಶಿವಾ ಶಿವಾ ಅಂದುಕೊಂಡೇ ಕೂತಿದ್ದೆ.

ಮನೆಯಲ್ಲಿ ಅವ್ವ ಹಣೆತುಂಬ ವಿಭೂತಿ ಹಚ್ಚಿಕೊಂಡು ಕಡಲೆ ಹಸನು ಮಾಡುತ್ತ ಕೂತಿದ್ದಳು. ತಮ್ಮ ಎರಡನೇ ಶಿಫ್ಟಿಗೆ ಹೋಗಿದ್ದ, ಅವನ ಹೆಂಡತಿ ಮಗಳನ್ನು ಕರೆತರಲು ಶಾಲೆಗೆ ಹೋಗಿದ್ದಳು.

"ಎಟಿಎಮ್ಮಿನಾಗ ದುಡ್ಡು ಯಾರ್ ತೆಗೆದ್ರು?"

"ನಿನ್ನ ತಮ್ಮ ತೆಗೆದು ತಂದುಕೊಟ್ಟ. ಗ್ಯಾಸ್ ಸಿಲಿಂಡರ್ ಬಂತು, ಹಾಲಿನಾಕಿಗೆ ಕೊಡಬೇಕಿತ್ತು. ಅಲ್ನೋಡು, ಉಳಿದದ್ದು ದೇವರ ಜಗಲಿ ಮ್ಯಾಲ ಐತಿ."

"ಅವಗ ನಂಬರ್ ಯಾರ್ ಹೇಳಿದ್ರು?"

"ನಾನ ಹೇಳಿದೆ. ಬಂದ ದಿನಾನ ಹೇಳಿದೆ." ಅವ್ವ ಮೊರ ಕೆಳಗಿಟ್ಟು ತನ್ನ ಬೆರಳು ತೋರಿಸಿದಳು. ರೊಟ್ಟಿ ಬಡಿದು ಬಡಿದು ದಪ್ಪಗಾಗಿ ಹೋದ ಬೆರಳು. "ಇಂಥಾ ಬೆರಳು ತಗಂಡು ಆ ಗುಂಡಿ ಹೆಂಗ ಒತ್ಲಿ ನಾನು? ಒಂದು ಒತ್ತಿದ್ರ ಮೂರು ಒತ್ತತಾವ. ಔಷಧ ತರೋದೂ ಅವನ, ಗುಂಡಿ ಒತ್ತೋದೂ ಅವನ. ಕಾರ್ಡೂ ಅವನ ಕಿಸೇದಾಗ ಇರ್ತತಿ."

ನಾನು ಗೋಡೆಗೊರಗಿ ಕೂತುಬಿಟ್ಟೆ. ಇಷ್ಟು ದಿನ ಯಾವ ಬೀಗ ನಂಬಿ ಉಸಿರಾಡುತ್ತಿದ್ದೆನೋ ಅದರ ಕೀಲಿಯನ್ನು ಅವ್ವ ಮೊದಲ ದಿನವೇ ಅವನ ಕೈಗೆ ಕೊಟ್ಟಿದ್ದಳು. ಬಂದ ಮೆಸೇಜುಗಳನ್ನೆಲ್ಲ ಅಲ್ಲೇ ಕೂತು ಮತ್ತೊಮ್ಮೆ ಓದಿದೆ. ಔಷಧಿ, ಔಷಧಿ, ಕರೆಂಟ್ ಬಿಲ್ಲು, ಇವತ್ತಿನ ಸಿಲಿಂಡರು. ಅವ್ವನ ಖರ್ಚಿನ ಹೊರಗೆ ಒಂದು ಪೈಸೆಯೂ ಹೋಗಿರಲಿಲ್ಲ. ಕಾರ್ಡು ಅವನ ಜೇಬಿನಲ್ಲಿ, ನಂಬರು ಅವನ ಬಾಯಲ್ಲಿ, ಕೇಳುವವರು ಯಾರೂ ಇಲ್ಲ. ಆದರೂ ಹೋಗಿರಲಿಲ್ಲ.

"ನಾನು ಯಾರಿಗೂ ಹೇಳಬ್ಯಾಡ ಅಂದಿದ್ದೆ" ಅಂದೆ.

"ನೀ ಅಂದಿ. ಹೊಟ್ಟ್ಯಾಗ ಹುಟ್ಟಿದವನ ಮುಂದ ಮುಚ್ಚಿಟ್ಕಂಡು ಅವನ ಮನ್ಯಾಗ ಹೆಂಗ ಉಣ್ಲಿ ನಾನು?"

ವಾಪಸು ಬಸ್ಸಿನಲ್ಲಿ ನನಗೆ ನಗು ಬರುತ್ತಿತ್ತು. ಅವನಲ್ಲ, ಅವನಲ್ಲ ಅಂತ ಒಳಗೊಳಗೇ ಹೇಳಿಕೊಂಡೆ. ಅವನು ಬೆಟ್ಟಿಂಗು ನಿಜವಾಗಿ ಬಿಟ್ಟಿದ್ದ. ಅವನ ಮನೆ ಉಳಿಯಿತು. ಹಾಗಾದರೆ ಹಳೆಯ ಕಾರ್ಡಿನಿಂದ ತೆಗೆದವರು ಯಾರು ಅನ್ನುವ ಪ್ರಶ್ನೆ ಎದ್ದಿತು. ಈಗಿನ ಕಾಲದಲ್ಲಿ ಕಳ್ಳರು ಎಲ್ಲೋ ಕೂತು ಏನೇನೋ ಮಾಡುತ್ತಾರೆ, ಹಾಳಾಗಿ ಹೋಗಲಿ ಅಂತ ಅದನ್ನು ಅಲ್ಲೇ ಕೂರಿಸಿದೆ. ಗಣಿತದ ಮೇಡಂ ಅಂತ ಹೆಸರಿಗೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಿಸಿ ಮಿರ್ಚಿ ಕಟ್ಟಿಸಿಕೊಂಡೆ.

ನಮ್ಮ ಮನೆಯವರು ಒಣಗಿದ ಬಟ್ಟೆ ಮಡಚುತ್ತ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಹೇಳಿದೆ.

"ಅವನಲ್ರೀ! ಕಾರ್ಡೂ ಅವನ ಹತ್ರ ಐತಿ, ನಂಬರೂ ಮೊದಲನೇ ದಿನದಿಂದ ಅವಗ ಗೊತ್ತೈತಿ. ಒಂದ್ ರೂಪಾಯಿ ಮುಟ್ಟಿಲ್ಲ. ನಾನೆಂಥಾ ಪಾಪಿ ನೋಡ್ರಿ, ಅವನ್ನ ಹೊರಗ ಕುಂದ್ರಿಸಿ ಚಾ ಕೊಟ್ಟೆ."

ಅವರು ಮುಖ ಎತ್ತಲಿಲ್ಲ. ಮಡಚಿಟ್ಟ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದರು. ಮಿರ್ಚಿಯ ಪೊಟ್ಟಣ ನನ್ನ ಕೈಯಲ್ಲೇ ಇತ್ತು. ಲಾರಿ ನಂಬರು ಗೊತ್ತಿದ್ದವರು, ಆ ಮಳೆಗಾಲದಲ್ಲಿ ನಮ್ಮ ಬೀರುವಿನ ಹತ್ತಿರ ಇದ್ದವರು ಎಷ್ಟು ಜನ ಎಂಬ ಲೆಕ್ಕ ಆಗ ತಾನಾಗಿಯೇ ಬಿಡಿಸಿಕೊಂಡಿತು.

"ನೀವೇನ್ರಿ?" ಅಂದೆ.

"ಪ್ರತಿಯೊಂದಕ್ಕೂ ನಿನ್ನ ಮುಂದ ಕೈ ಚಾಚಬೇಕಾಗಿತ್ತು" ಅಂದರು. "ಪೆಟ್ರೋಲಿಗೆ, ಕಟಿಂಗಿಗೆ, ಗೆಳೆಯರ ಜೋಡಿ ಒಂದು ಚಾಕ್ಕ. ನೀನು ಒಂದ್ ಸಲಾನೂ ಇಲ್ಲ ಅಂದಾಕಿ ಅಲ್ಲ. ಯಾಕ ಅಂತ ಕೇಳ್ತಿದ್ದಿ, ಅಷ್ಟ. ತಿರುಗಿ ಹಾಕಬೇಕಂತ ಮಾಡಿದ್ದೆ."

ನಾನು ಕೇಳುತ್ತಿದ್ದೆ, ನಿಜ. ಗ್ಯಾಸಿನ ಬಗ್ಗೆ ಹೇಗೋ ದುಡ್ಡಿನ ಬಗ್ಗೆಯೂ ಹಾಗೆ. ಆದರೂ ಆ ಹೊತ್ತಿನಲ್ಲಿ ನನಗೆ ಕರುಣೆ ಬರಲಿಲ್ಲ, ಮೈಯೆಲ್ಲ ಉರಿಯಿತು. ನನ್ನ ತಮ್ಮನನ್ನು ನಾನು ಕಳ್ಳ ಅನ್ನುವಾಗ ಎದುರಿಗೇ ಕೂತು ಕನ್ನಡಕ ಒರೆಸಿಕೊಂಡ ಮನುಷ್ಯ ಇವರು.

"ಅವಗ ನೀವ ಹೇಳಬೇಕು. ನಾಳೆ ಸಂಡೂರಿಗೆ ನಡೀರಿ, ಅವನ ಮುಂದ ನಿಂತು ಹೇಳ್ರಿ."

"ಅವಗ ಗೊತ್ತೈತಿ."

"ಏನು?"

"ಮೂರನೇ ಸಲ ಎಟಿಎಮ್ಮಿನಿಂದ ಹೊರಗ ಬರಬೇಕಾದ್ರ ಅವ ಎದುರಿಗೆ ನಿಂತಿದ್ದ. ಅವ್ವನ ಕಾರ್ಡು ನನ್ನ ಕೈಯಾಗಿತ್ತು. ನೋಡಿದ. ಕರ್ಕಂಡು ಹೋಗಿ ಚಾ ಕುಡಿಸಿದ. 'ಅಕ್ಕಗ ಹೇಳಬ್ಯಾಡ್ರಿ ಭಾವಾ, ಆಕಿಗೆ ಮೊದ್ಲ ನಿದ್ದಿ ಕಮ್ಮಿ' ಅಂದ. ಆಮ್ಯಾಲ ನೀನು ಅವನ ಮ್ಯಾಲ ಅನುಮಾನ ಪಡಾಕತ್ತಿದಿ. ನಿಮ್ಮಕ್ಕಗ ಹೇಳಿಬಿಡ್ತೀನಿ ಅಂತ ಅವಗ ಅಂದೆ. ಬ್ಯಾಡ, ನನ್ನ ಹೆಸರು ಹೆಂಗೂ ಕೆಟ್ಟೈತಿ, ನಿಮ್ಮದು ಯಾಕ ಕೆಡಬೇಕು ಅಂದ."

ಪಾಪಿನಾಯಕನಹಳ್ಳಿಯವರ ಮಾತು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ನಾನು ಒಂದು ಮಾತು ಹೊರಗೆ ಆಡಿದ್ದರೆ ಹೆಂಡತಿ ಮಗಳನ್ನು ಕಳೆದುಕೊಳ್ಳುತ್ತಿದ್ದ. ಅದನ್ನು ತಿಳಿದೂ ನಮ್ಮ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದು ಹೋಗಿದ್ದ.

ಫೋನು ಹೊಡೆದುಕೊಂಡಿತು. ಅವನೇ. ಹಿಂದೆ ಕಾರ್ಖಾನೆಯ ಸದ್ದು ಕೇಳುತ್ತಿತ್ತು.

"ಅಕ್ಕಾ, ಬಂದಿದ್ಯಂತ, ಅವ್ವ ಹೇಳಿದ್ಲು. ನಾನು ಬರೂತನಾ ಇರಬಾರದಾ? ಮನಿ ಮುಟ್ಟಿದಿ?"

"ಮುಟ್ಟಿದೆ" ಅಂದೆ. ಕೈಯಲ್ಲಿದ್ದ ಮಿರ್ಚಿಯ ಪೊಟ್ಟಣ ಮೇಜಿನ ಮೇಲಿಟ್ಟೆ.

"ಯಾಕ ಸುಮ್ನಾದಿ? ಏನ ಇದ್ರೂ ನಾಳಿಗೆ ಮಾತಾಡೂಣು. ಇಬ್ರೂ ಉಣ್ರಿ ಮೊದ್ಲ" ಅಂದ, ಬಿಡುವು ಮುಗಿದ ಸೈರನ್ ಆಯಿತು ಅಂತ ಫೋನು ಇಟ್ಟ.